ಯಂತ್ರವಿದ್ಯೆ ಅರಿಯದವರ ವಾಹನಪಾಲನೆ

ಪ್ರತಿವರ್ಷವೂ ಆಯುಧಪೂಜೆಯ ದಿನ ನಮ್ಮ ನಾಡಿನ ಬೀದಿಬೀದಿಗಳಲ್ಲಿ ಒಂದು ಸುಂದರ ದೃಶ್ಯ ಕಾಣಬರುತ್ತದೆ. ಬೆಳಗಾಗುತ್ತಲೇ ಮನೆಮಂದಿಯೆಲ್ಲ ಸೇರಿ ಸೈಕಲ್ಲು, ಸ್ಕೂಟರು, ಮೋಟಾರ್ ಸೈಕಲ್ಲುಗಳನ್ನು ಅಂಗಳಕ್ಕೆ ತಂದು ತೊಳೆದು ಒರೆಸುತ್ತಾರೆ. ಅರಿಸಿನ ಕುಂಕುಮಗಳನ್ನಿಟ್ಟು, ಚೆಂಡುಹೂವಿನ ಹಾರ ಹಾಕುತ್ತಾರೆ. ಕೊನೆಗೆ ಚಕ್ರದಡಿಯಲ್ಲಿ ನಿಂಬೆಹಣ್ಣನ್ನಿರಿಸಿ ವಾಹನವನ್ನು ಅದರ ಮೇಲೆ ಹಾಯಿಸುತ್ತಾರೆ. ನಮ್ಮನ್ನು ಹೊತ್ತು ತಿರುಗುವ ಯಂತ್ರಕ್ಕೆ ವರ್ಷಕ್ಕೊಮ್ಮೆಯಾದರೂ ಕೃತಜ್ಞತೆ ಸಲ್ಲಿಸುವ ಈ ಪದ್ಧತಿ ಶ್ಲಾಘ್ಯವಾದುದೇ ಸರಿ. ಆದರೆ ಆ ದಿನ ನಾವು ಗಮನಿಸಿರುವ ಇನ್ನೊಂದು ಸಂಗತಿಯುಂಟು. ನಿಂಬೆಹಣ್ಣನ್ನು ಇಡಲೆಂದು ಬಗ್ಗಿದವರಲ್ಲಿ ಆ ಟೈರನ್ನು ನೋಡಿದವರು ಬಲು ವಿರಳ. ಅದರಲ್ಲಿ ಗಾಳಿ ತಕ್ಕಷ್ಟಿದೆಯೆ, ಅದರ ಮೈ ಸವೆದು ನುಣ್ಣಗಾಗಿದೆಯೆ, ಗೆರೆಗಳ ಸಂದಿನಲ್ಲಿ ಮೊಳೆಯೊಂದು ನಾಟಿಕೊಂಡಿದೆಯೆ ಎಂದು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಸಮಯ ಬೇರೊಂದಿಲ್ಲ. ಕಣ್ಣಿಗೂ ಟೈರಿಗೂ ನಡುವೆ ಆಗ ಒಂದು ಮೊಳದ ಅಂತರವೂ ಇರುವುದಿಲ್ಲ. ಆದರೂ ನೋಟ ಅಲ್ಲಿ ನಿಲ್ಲುವುದಿಲ್ಲ.

ಏತಕ್ಕೆ ಹೀಗೆ ಎಂದು ಕೇಳಿದರೆ ಬರುವ ಉತ್ತರ ಒಂದೇ: “ಅದೆಲ್ಲ ಮೆಕ್ಯಾನಿಕ್ಕಿನ ಕೆಲಸ, ನಮಗೇನು ತಿಳಿಯುತ್ತದೆ?” ಮೇಲುನೋಟಕ್ಕೆ ಇದು ವಿನಯದ ಮಾತು. ಒಳಹೊಕ್ಕು ನೋಡಿದರೆ ಇದರಲ್ಲಿ ಎರಡು ತಪ್ಪುಗಳಿವೆ. ಕಲಿತ ವಿಜ್ಞಾನಕ್ಕೂ ಕೈಯಲ್ಲಿರುವ ವಸ್ತುವಿಗೂ ಸಂಬಂಧವಿಲ್ಲವೆಂದು ಭಾವಿಸುವುದು ಒಂದು. ತನ್ನ ಮತ್ತು ಪರರ ಪ್ರಾಣಕ್ಕೆ ಸಂಬಂಧಿಸಿದ ಹೊಣೆಯನ್ನು ಹಣ ಕೊಟ್ಟು ಬೇರೊಬ್ಬರಿಗೆ ಪೂರ್ತಿಯಾಗಿ ವಹಿಸಿಬಿಡಬಹುದೆಂದು ನಂಬುವುದು ಇನ್ನೊಂದು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೆ: ಯಂತ್ರವನ್ನು ದುರಸ್ತಿ ಮಾಡುವುದು ಬೇರೆ, ಅದನ್ನು ನೋಡಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ವರ್ಷಗಟ್ಟಲೆಯ ಅಭ್ಯಾಸ ಬೇಕು. ಎರಡನೆಯದಕ್ಕೆ ಹೈಸ್ಕೂಲಿನ ಭೌತವಿಜ್ಞಾನ, ಎರಡು ಕಣ್ಣುಗಳು, ವಾರಕ್ಕೆ ಹತ್ತು ನಿಮಿಷದ ಬಿಡುವು, ಇಷ್ಟು ಸಾಕು. ಲೈಸೆನ್ಸ್ ಪಡೆಯುವ ವಯಸ್ಸಾಗದ ವಿದ್ಯಾರ್ಥಿಗಳು ಮೋಟಾರು ವಾಹನವನ್ನು ಓಡಿಸುವಂತಿಲ್ಲ, ನಿಜ; ಆದರೆ ತಂದೆಯವರ ಸ್ಕೂಟರನ್ನು ನೋಡಿಕೊಳ್ಳಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.

ನಾವು ಮೆಕ್ಯಾನಿಕ್ಕರಲ್ಲ; ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವರು. ಈ ವಿಷಯದತ್ತ ನಮ್ಮ ಮನಸ್ಸು ಹರಿದುದಕ್ಕೆ ಒಂದು ಚಿಕ್ಕ ಘಟನೆ ಕಾರಣ. ಒಂದು ಸಂಜೆ ಕಾಲೇಜಿನ ವಾಹನ ನಿಲ್ಲಿಸುವ ತಾಣದಲ್ಲಿ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬನು ಚಿಂತಾಕ್ರಾಂತನಾಗಿ ನಿಂತಿದ್ದನು. “ಸಾರ್, ಬೈಕ್ ಎಳೆದ ಹಾಗಾಗುತ್ತದೆ, ಪೆಟ್ರೋಲ್ ಬೇರೆ ಬಹಳ ಕುಡಿಯುತ್ತಿದೆ. ಎಂಜಿನ್ ಬಿಚ್ಚಿಸಬೇಕೋ ಏನೋ” ಎಂದನು. ನಮ್ಮ ಚೀಲದಲ್ಲಿದ್ದ ಸಣ್ಣ ಒತ್ತಡಮಾಪಕವನ್ನು ಹಿಂದಿನ ಟೈರಿನ ಕವಾಟಕ್ಕೆ ಒತ್ತಿ ನೋಡಿದೆವು. ವಾಹನದ ಕೈಪಿಡಿಯಲ್ಲಿ ಹೇಳಿದ್ದುದು ಚದರ ಅಂಗುಲಕ್ಕೆ 28 ಪೌಂಡು. ಮಾಪಕ ತೋರಿಸಿದುದು 14. ರಸ್ತೆಯಾಚೆಯ ಪಂಕ್ಚರ್ ಅಂಗಡಿಯಲ್ಲಿ ಐದು ನಿಮಿಷದಲ್ಲಿ ರೋಗ ವಾಸಿಯಾಯಿತು. ಸೋಜಿಗವೆಂದರೆ, ಅದೇ ವಿದ್ಯಾರ್ಥಿ ಅಂದು ಬೆಳಿಗ್ಗೆ ನಮ್ಮ ತರಗತಿಯಲ್ಲಿ ಅನಿಲನಿಯಮದ ಕಠಿಣ ಲೆಕ್ಕವೊಂದನ್ನು ತಪ್ಪಿಲ್ಲದೆ ಬಿಡಿಸಿದ್ದನು! ಕರಿಹಲಗೆಯ ಮೇಲಿನ ಅನಿಲವೂ ತನ್ನ ಟೈರಿನೊಳಗಿನ ಅನಿಲವೂ ಒಂದೇ ಎಂಬುದು ಅವನಿಗೆ ಹೊಳೆದಿರಲಿಲ್ಲ. ತಪ್ಪು ಅವನದೆನ್ನುವುದಕ್ಕಿಂತ ಬೋಧಿಸಿದ ನಮ್ಮದೆನ್ನುವುದೇ ಯುಕ್ತ.

ಗಾಳಿ ತುಂಬಿದ ಟೈರಿನ ಇತಿಹಾಸವೇ ನಮ್ಮ ವಾದಕ್ಕೆ ಒಳ್ಳೆಯ ಸಾಕ್ಷಿ. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವನು ಇಂಥ ಟೈರಿಗೆ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬಾರದೆ ಮರೆಯಾಯಿತು. 1888ರಲ್ಲಿ ಅದನ್ನು ಹೊಸದಾಗಿ ಕಂಡುಹಿಡಿದು ಲೋಕಕ್ಕೆ ಕೊಟ್ಟವನು ಜಾನ್ ಬಾಯ್ಡ್ ಡನ್‌ಲಪ್. ಅವನು ಎಂಜಿನಿಯರನಲ್ಲ, ಬೆಲ್‌ಫಾಸ್ಟ್ ನಗರದಲ್ಲಿದ್ದ ಪಶುವೈದ್ಯ. ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡುವುದನ್ನು ನೋಡಿ, ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದನು. “ಇದು ನನ್ನ ಕೆಲಸವಲ್ಲ” ಎಂದು ಆ ಪಶುವೈದ್ಯನು ಸುಮ್ಮನಿದ್ದಿದ್ದರೆ? ಯಂತ್ರವನ್ನು ಕಣ್ಣಿಟ್ಟು ನೋಡುವ ಹಕ್ಕು ಯಾವ ಒಂದು ವೃತ್ತಿಯವರ ಸ್ವತ್ತೂ ಅಲ್ಲ.

ಇನ್ನು ನೋಡಿಕೊಳ್ಳುವುದೆಂದರೇನು ಎಂಬುದನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ಟೈರು. ಚದರ ಅಂಗುಲಕ್ಕೆ 28 ಪೌಂಡು ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ ಭಾರ. ಹಿಂದಿನ ಚಕ್ರದ ಮೇಲೆ 100 ಕಿಲೋಗ್ರಾಂ ಭಾರ ಬೀಳುತ್ತಿದ್ದರೆ, ಅದನ್ನು ಹೊರಲು ಟೈರಿನ 50 ಚದರ ಸೆಂಟಿಮೀಟರ್ ಮಾತ್ರ ನೆಲಕ್ಕೆ ತಾಗಿರಬೇಕಾಗುತ್ತದೆ. ಇದು ನಮ್ಮ ಅಂಗೈಯಷ್ಟು ಅಗಲವೂ ಇಲ್ಲ. ಸವಾರನ ಪ್ರಾಣ ನಿಂತಿರುವುದು ಇಂಥ ಎರಡು ತುಣುಕು ರಬ್ಬರಿನ ಮೇಲೆ ಎಂಬುದನ್ನು ವಿದ್ಯಾರ್ಥಿಗಳು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಗಾಳಿ ಅರ್ಧಕ್ಕಿಳಿದರೆ ನೆಲಕ್ಕೆ ತಾಗುವ ಭಾಗ ಸುಮಾರು ಇಮ್ಮಡಿಯಾಗುತ್ತದೆ. ಟೈರಿನ ಪಕ್ಕಗಳು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗಿ ನೆಟ್ಟಗಾಗುತ್ತ ಬಿಸಿಯೇರುತ್ತವೆ. ಪೆಟ್ರೋಲಿನ ಶಕ್ತಿ ಆ ಬಿಸಿಯಾಗಿ ಪೋಲಾಗುತ್ತದೆ. ಟೈರು ಒಳಗಿಂದೊಳಗೆ ದುರ್ಬಲವಾಗುತ್ತದೆ. ರಂಧ್ರವೇ ಇಲ್ಲದಿದ್ದರೂ ರಬ್ಬರಿನ ಮೂಲಕ ಗಾಳಿ ಮೆಲ್ಲಮೆಲ್ಲನೆ ಸೋರುತ್ತಲೇ ಇರುವುದರಿಂದ “ಪಂಕ್ಚರ್ ಆಗಿಲ್ಲವಲ್ಲ” ಎಂದು ನಿಶ್ಚಿಂತರಾಗಿರುವಂತಿಲ್ಲ.

ಗಾಳಿಯನ್ನು ಅಳೆಯುವುದು ಬೆಳಿಗ್ಗೆ, ವಾಹನ ಓಡುವುದಕ್ಕೆ ಮುಂಚೆ. ಏಕೆ? ಲೆಕ್ಕ ಮಾಡಿ ನೋಡಿರಿ. 27 ಡಿಗ್ರಿ ಸೆಲ್ಸಿಯಸ್ ಎಂದರೆ 300 ಕೆಲ್ವಿನ್. ಓಡಿದ ಮೇಲೆ ಒಳಗಿನ ಗಾಳಿ 57 ಡಿಗ್ರಿಗೆ, ಎಂದರೆ 330 ಕೆಲ್ವಿನ್‌ಗೆ, ಏರಿತೆನ್ನಿ. ಮಾಪಕದ 28ಕ್ಕೆ ವಾಯುಮಂಡಲದ ಸುಮಾರು 15 ಪೌಂಡನ್ನು ಕೂಡಿಸಿದರೆ ನಿಜವಾದ ಒತ್ತಡ 43. ಉಷ್ಣಮಾನ ಹತ್ತರಲ್ಲೊಂದು ಪಾಲು ಹೆಚ್ಚಿದಾಗ ಅದು 47ಕ್ಕೇರುತ್ತದೆ. ಮಾಪಕ 32 ತೋರಿಸುತ್ತದೆ. ಇದನ್ನರಿಯದೆ “ಗಾಳಿ ಹೆಚ್ಚಾಯಿತು” ಎಂದು ಬಿಸಿ ಟೈರಿನಿಂದ ಗಾಳಿ ಬಿಟ್ಟು 28ಕ್ಕೆ ತಂದವನ ಟೈರಿನಲ್ಲಿ ಮರುದಿನ ಬೆಳಿಗ್ಗೆ ಉಳಿಯುವುದು 24 ಮಾತ್ರ. ಕೈಪಿಡಿಯಲ್ಲಿ ಒಬ್ಬರಿಗೊಂದು, ಇಬ್ಬರಿಗೊಂದು ಒತ್ತಡವನ್ನು ಸೂಚಿಸಿರುವುದುಂಟು; ಅದನ್ನು ಅನುಸರಿಸತಕ್ಕದ್ದು. ಟೈರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರಿನ ದಿಂಡುಗಳಿರುತ್ತವೆ. ಟೈರಿನ ಮೈ ಸವೆದು ಆ ದಿಂಡುಗಳ ಮಟ್ಟಕ್ಕೆ ಬಂದಿತೆಂದರೆ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಮಳೆಗಾಲದಲ್ಲಿ ಟೈರಿನಡಿಯ ನೀರು ಪಾರಾಗಿ ಹೋಗಲು ಆ ಗೆರೆಗಳೇ ಕಾಲುವೆಗಳು.

ಎರಡನೆಯದು ಬ್ರೇಕ್. ಚಲನಶಕ್ತಿ ವೇಗದ ವರ್ಗವನ್ನು ಅವಲಂಬಿಸಿರುತ್ತದೆಂಬುದನ್ನು ನಾವೆಲ್ಲರೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ವಾಹನ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಒಳ್ಳೆಯ ಬ್ರೇಕ್ ಅದರ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 5 ಮೀಟರಿನಂತೆ ಇಳಿಸಿದರೆ ವಾಹನ ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. ಸವೆದ ಬ್ರೇಕಿನ ಹಿಡಿತ ಇದರ ಅರ್ಧವಾದರೆ ನಿಲ್ಲಲು 25 ಮೀಟರ್ ಬೇಕು. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವುದರೊಳಗೆ ಸಾಗುವ ದೂರ ಬೇರೆ. ಹೆಚ್ಚಾದ ಆ 13 ಮೀಟರಿನೊಳಗೆ ಶಾಲೆಯಿಂದ ಬರುವ ಮಗುವೊಂದು ರಸ್ತೆ ದಾಟುತ್ತಿರಬಹುದಲ್ಲವೆ? ಡ್ರಮ್ ಬ್ರೇಕ್ ಇರುವ ಅನೇಕ ವಾಹನಗಳಲ್ಲಿ ಚಕ್ರದ ಬಳಿ ಬ್ರೇಕಿನ ತೋಳಿನ ಮೇಲೆ ಒಂದು ಬಾಣದ ಗುರುತಿರುತ್ತದೆ. ಬ್ರೇಕನ್ನು ಪೂರ್ತಿ ಒತ್ತಿದಾಗ ಆ ಬಾಣ ಎದುರಿನ ಗೆರೆಯನ್ನು ಮುಟ್ಟಿದರೆ ಒಳಗಿನ ಪಟ್ಟಿಗಳು ಸವೆದಿವೆಯೆಂದರ್ಥ. ಡಿಸ್ಕ್ ಬ್ರೇಕಿನ ದ್ರವಕ್ಕೆ ಹ್ಯಾಂಡಲಿನ ಬಳಿ ಪುಟ್ಟ ಕಿಟಕಿಯುಂಟು. ದ್ರವ ಕೆಳಗೆರೆಗಿಂತ ಇಳಿದಿದ್ದರೆ ತಾವೇ ಸುರಿಯಲು ಹೋಗದೆ ಬಲ್ಲವರಲ್ಲಿಗೆ ಒಯ್ಯಬೇಕು. ಕಿರುಗುಟ್ಟುತ್ತದೆಂದು ಡಿಸ್ಕಿಗೆ ಎಣ್ಣೆ ಹಚ್ಚಿದವರನ್ನೂ ನಾವು ಕಂಡಿದ್ದೇವೆ. ಘರ್ಷಣೆಯಿಂದಲೇ ಬದುಕುವ ಭಾಗಕ್ಕೆ ಎಣ್ಣೆ ಹಚ್ಚುವುದೆಂದರೆ ಬ್ರೇಕನ್ನು ಕಿತ್ತುಹಾಕುವುದಕ್ಕೆ ಸಮ.

ಮೂರನೆಯದು ಸರಪಣಿ. ಸೈಕಲ್ಲಿನಲ್ಲಿಯೂ ಮೋಟಾರ್ ಸೈಕಲ್ಲಿನಲ್ಲಿಯೂ ಕಾಣುವ ಉರುಳೆಸರಪಣಿಯನ್ನು 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಎಂಬವನು ರೂಪಿಸಿದನು. ಅದರ ಪ್ರತಿಯೊಂದು ಕೊಂಡಿಯಲ್ಲಿಯೂ ಲೋಹ ಲೋಹಕ್ಕೆ ಉಜ್ಜುತ್ತದೆ. ಎಣ್ಣೆಯ ತೆಳುಪದರ ಇದ್ದರೆ ಬಾಳುತ್ತದೆ, ಧೂಳು ಸೇರಿದರೆ ಅರದಿಂದ ಉಜ್ಜಿದಂತೆ ಸವೆಯುತ್ತದೆ. ಸರಪಣಿಯ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಅಲುಗಿಸಿದಾಗ ಅದು ಕೈಪಿಡಿ ಹೇಳಿದಷ್ಟೇ, ಸಾಮಾನ್ಯ ಮೋಟಾರ್ ಸೈಕಲ್ಲುಗಳಲ್ಲಿ 2ರಿಂದ 3 ಸೆಂಟಿಮೀಟರಿನಷ್ಟು, ಆಡಬೇಕು. ಸಡಿಲವಾದರೆ ಕಳಚಿಕೊಳ್ಳುವ ಭಯ. ಅತಿ ಬಿಗಿಯಾದರೆ ಹಳ್ಳದಿಣ್ಣೆಗಳಲ್ಲಿ ಹಿಂದಿನ ಚಕ್ರ ಏರಿಳಿಯುವಾಗ ಸರಪಣಿಯೂ ಗಾಲಿಯ ಬೇರಿಂಗುಗಳೂ ಹಿಂಸೆಗೊಳಗಾಗುತ್ತವೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ: ಸರಪಣಿಯನ್ನು ಒರೆಸುವಾಗಲಾಗಲಿ, ಎಣ್ಣೆ ಹಾಕುವಾಗಲಾಗಲಿ ಎಂಜಿನ್ ಎಂದಿಗೂ ಓಡುತ್ತಿರಕೂಡದು. ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಚಕ್ರವನ್ನು ಕೈಯಿಂದ ತಿರುಗಿಸಿರಿ. ಓಡುವ ಸರಪಣಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕ ಬೆರಳು ಮರಳಿ ಬರುವುದಿಲ್ಲ.

ನಾಲ್ಕನೆಯದು ಎಂಜಿನ್ನಿನ ಎಣ್ಣೆ. ಇದು ಘರ್ಷಣೆಯನ್ನು ತಗ್ಗಿಸುವುದಲ್ಲದೆ ಬಿಸಿಯನ್ನೂ ಸಾಗಿಸುತ್ತದೆ. ವಾಹನವನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಎಂಜಿನ್ ನಿಲ್ಲಿಸಿದ ಕೆಲವು ನಿಮಿಷಗಳ ಮೇಲೆ ಅಳತೆಕಡ್ಡಿಯನ್ನೋ ಗಾಜಿನ ಕಿಟಕಿಯನ್ನೋ ನೋಡಿದರೆ ಎಣ್ಣೆಯ ಮಟ್ಟ ತಿಳಿಯುತ್ತದೆ. ವಾಹನ ಪಕ್ಕಕ್ಕೆ ಒರಗಿದ್ದರೆ ಓದು ತಪ್ಪಾಗುವುದು ಸಹಜ. ದ್ರವದ ಮೇಲ್ಮೈ ಎಂದಿಗೂ ಮಟ್ಟಸವಾಗಿರುತ್ತದೆ, ಪಾತ್ರೆ ಮಾತ್ರ ವಾಲಿರುತ್ತದೆ. ಎಣ್ಣೆ ಬತ್ತಿದ ಎಂಜಿನ್ನು ಬಿಸಿಯೇರಿ ಹಿಡಿದುಕೊಂಡರೆ ನಷ್ಟ ಹಣದ್ದು ಮಾತ್ರವಲ್ಲ. ಓಡುತ್ತಿರುವಾಗಲೇ ಹಿಂದಿನ ಚಕ್ರ ಸಿಲುಕಿ ಸವಾರನನ್ನು ಕೆಡವಬಹುದು.

ಐದನೆಯದು ಬ್ಯಾಟರಿ. ಸೀಸ-ಆಮ್ಲದ ಒಂದೊಂದು ಕೋಶದ ವೋಲ್ಟೇಜ್ ಸುಮಾರು 2.1, ಅಂಥ ಆರು ಕೋಶಗಳು ಸಾಲಾಗಿ ಸೇರಿ 12.6 ವೋಲ್ಟ್ ಆಗುತ್ತವೆ. ಹಾರನ್ನಿನ ಸದ್ದು ಕುಗ್ಗಿದರೆ, ಸ್ವಿಚ್ ಒತ್ತಿದಾಗ ಎಂಜಿನ್ ತಿರುಗದೆ ಟಕ್ ಎಂಬ ಸದ್ದು ಮಾತ್ರ ಬಂದರೆ, ಮೊದಲು ನೋಡಬೇಕಾದುದು ಬ್ಯಾಟರಿಯ ತುದಿಗಳನ್ನು. ಅಲ್ಲಿ ಬೆಳೆದ ಬಿಳಿ-ಹಸಿರು ಕಿಲುಬು ವಿದ್ಯುತ್ತಿಗೆ ರೋಧವನ್ನೊಡ್ಡುತ್ತದೆ. ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚತಕ್ಕದ್ದು. ಏಕೆಂದರೆ ವಾಹನದ ಚೌಕಟ್ಟೆಲ್ಲ ಋಣ ತುದಿಗೆ ಸೇರಿದೆ. ಧನ ತುದಿಯನ್ನು ಮೊದಲು ಬಿಚ್ಚಹೊರಟ ಸ್ಪ್ಯಾನರ್ ಚೌಕಟ್ಟಿಗೆ ತಗುಲಿದರೆ ಕಿಡಿಯೇಳುತ್ತದೆ. ಇನ್ನು ಫ್ಯೂಸ್ ಸುಟ್ಟರೆ ಅದೇ ಅಂಕಿಯ ಫ್ಯೂಸನ್ನೇ ಹಾಕಬೇಕು. ಅದರ ಬದಲು ತಂತಿಯ ತುಂಡನ್ನು ಸಿಕ್ಕಿಸಿದರೆ, ಫ್ಯೂಸಿನಲ್ಲಿ ಮುಗಿಯಬೇಕಾಗಿದ್ದ ಬಿಸಿ ಪೆಟ್ರೋಲ್ ಟ್ಯಾಂಕಿನ ಕೆಳಗೆ ಹಾದುಹೋಗುವ ತಂತಿಯಲ್ಲಿ ಮೂಡುತ್ತದೆ.

ಇಷ್ಟೆ ನೋಡಿಕೊಳ್ಳುವ ವಿದ್ಯೆ. ಇದಕ್ಕೆ ಎಲ್ಲೆಯೂ ಉಂಟು. ಆ ಎಲ್ಲೆಯನ್ನು ಅರಿಯುವುದೂ ಈ ವಿದ್ಯೆಯ ಒಂದು ಭಾಗ. ನಾವು ಅದನ್ನು ಪೆಟ್ಟು ತಿಂದು ಕಲಿತೆವು. ಒಮ್ಮೆ ಎಣ್ಣೆ ಬದಲಾಯಿಸಿದ ಮೇಲೆ “ಇನ್ನಷ್ಟು ಬಿಗಿಯಾಗಿರಲಿ” ಎಂದು ತಳದ ಬೋಲ್ಟನ್ನು ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ತಿರುಗಿಸಿದೆವು. ಅಲ್ಯೂಮಿನಿಯಮ್ಮಿನ ಒಳಸುತ್ತುಗಳು ಕಿತ್ತುಬಂದವು. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 150 ನ್ಯೂಟನ್ ಬಲ ಹಾಕಿದರೆ ತಿರುಗಿಸುವ ಪ್ರಭಾವ 30 ನ್ಯೂಟನ್-ಮೀಟರ್. ಕೊಳವೆಯಿಂದ ಉದ್ದವನ್ನು ಇಮ್ಮಡಿ ಮಾಡಿದರೆ 60. ಹತ್ತಾರು ಸಲ ಪಾಠ ಹೇಳಿದ್ದ ಸೂತ್ರವನ್ನು ನಮ್ಮ ಕೈ ಮರೆತಿತ್ತು! ಬ್ರೇಕಿನ ಒಳಭಾಗ, ಮುಂದಿನ ಚಕ್ರದ ಅಚ್ಚು, ಪೆಟ್ರೋಲಿನ ಕೊಳವೆ, ಎಂಜಿನ್ನಿನ ಒಳಗು ಇವುಗಳಿಗೆ ಅಭ್ಯಾಸವಿಲ್ಲದವರು ಕೈಹಾಕದಿರುವುದೇ ಲೇಸು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ದಯೆಯಿಲ್ಲ. ಪೆಟ್ರೋಲಿನ ಆವಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿಗೆ ಹತ್ತಿಕೊಳ್ಳಬಲ್ಲುದು. ನಮ್ಮ ಊರಿನ ಬಿಸಿಲಿನಲ್ಲಿ ಹೇಳತಕ್ಕುದೇನಿದೆ?

ನಮ್ಮ ಈ ಅಭಿಪ್ರಾಯಕ್ಕೆ ಕೆಲವು ಆಕ್ಷೇಪಣೆಗಳು ಬರಬಹುದು. “ಈಗಿನ ವಾಹನಗಳೆಲ್ಲ ಎಲೆಕ್ಟ್ರಾನಿಕ್ ಆಗಿಬಿಟ್ಟಿವೆ, ನಮ್ಮ ಕೈಗೆ ನಿಲುಕುವುದೇನು?” ಎಂಬುದು ಮೊದಲನೆಯದು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಬಹುಪಾಲು ಹೊಸ ವಾಹನಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಧನವನ್ನು ಚಿಮ್ಮಿಸುವ ವ್ಯವಸ್ಥೆ ಬಂದಿರುವುದು ನಿಜ. ಅದಕ್ಕೆ ಕೈಹಾಕಿರೆಂದು ನಾವು ಹೇಳುತ್ತಿಲ್ಲ. ಆದರೆ ಆ ವ್ಯವಸ್ಥೆ ವಿದ್ಯುತ್ತನ್ನು ನೆಚ್ಚಿಕೊಂಡಿರುವುದರಿಂದ ಬ್ಯಾಟರಿಯ ಆರೈಕೆ ಮೊದಲಿಗಿಂತ ಮುಖ್ಯವಾಯಿತಲ್ಲವೆ? 2019ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಎರಡೂ ಬ್ರೇಕುಗಳನ್ನು ಕೂಡಿಸುವ ಅಥವಾ ಚಕ್ರ ಸಿಲುಕದಂತೆ ತಡೆಯುವ ಏರ್ಪಾಡು ಕಡ್ಡಾಯವಾಗಿದೆ. ಆದರೆ ಸವೆದ ಟೈರಿಗೆ ಹಿಡಿತ ತಂದುಕೊಡಲು ಯಾವ ಏರ್ಪಾಡಿನಿಂದಲೂ ಸಾಧ್ಯವಿಲ್ಲ. ವಿದ್ಯುತ್ ಸ್ಕೂಟರಿನಲ್ಲಿ ಎಂಜಿನ್ನಿನ ಎಣ್ಣೆಯಿಲ್ಲ, ಹೊಗೆಯಿಲ್ಲ. ಅದರ ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚುವುದು ಅಪಾಯಕರ. ಆದರೆ ಅದೂ ಓಡುವುದು ಗಾಳಿ ತುಂಬಿದ ಟೈರಿನ ಮೇಲೆ. ನಿಲ್ಲುವುದೂ ನೆಲದ ಘರ್ಷಣೆಯಿಂದಲೇ.

“ಇದರಿಂದ ಮೆಕ್ಯಾನಿಕ್ಕುಗಳ ಅನ್ನಕ್ಕೆ ಕಲ್ಲು ಬೀಳುವುದಿಲ್ಲವೆ?” ಎಂಬುದು ಎರಡನೆಯ ಆಕ್ಷೇಪಣೆ. ಬೀಳುವುದಿಲ್ಲ. ಹಲ್ಲುಜ್ಜುವವರು ಹೆಚ್ಚಾದರೆಂದು ದಂತವೈದ್ಯರು ಉಪವಾಸ ಬಿದ್ದಿಲ್ಲ. “ಏನೋ ಸದ್ದು ಬರುತ್ತದೆ, ನೋಡಿ” ಎನ್ನುವ ಒಡೆಯನಿಗಿಂತ, “ಮೂರನೆಯ ಗೇರಿನಲ್ಲಿ, ಬ್ರೇಕ್ ಹಿಡಿದಾಗ ಮಾತ್ರ, ಹಿಂದಿನ ಚಕ್ರದಿಂದ ಸದ್ದು ಬರುತ್ತದೆ” ಎನ್ನುವ ಒಡೆಯನು ಮೆಕ್ಯಾನಿಕ್ಕಿಗೆ ಎಷ್ಟೋ ಪ್ರಿಯ. ಅಷ್ಟೇ ಅಲ್ಲ, ತಾನೇ ಒಮ್ಮೆ ಸರಪಣಿಯನ್ನು ಒರೆಸಿ ಕೈ ಮಸಿ ಮಾಡಿಕೊಂಡವನಿಗೆ ಆ ಕೆಲಸದ ಬೆಲೆ ತಿಳಿಯುತ್ತದೆ. ತಲೆಯ ಕೆಲಸ ಮೇಲು, ಕೈಯ ಕೆಲಸ ಕೀಳು ಎಂಬ ಭಾವನೆ ನಮ್ಮ ಸಮಾಜವನ್ನು ಬಹುಕಾಲದಿಂದ ಕಾಡಿದೆ. ಪ್ರಯೋಗಶಾಲೆಯಿಂದ ಹೊರಬಂದೊಡನೆ ವಿಜ್ಞಾನವನ್ನು ಮರೆಯುವ ನಮ್ಮ ವಿದ್ಯಾರ್ಥಿಗಳಲ್ಲಿ ಅದೇ ಭಾವನೆ ವೇಷ ಬದಲಿಸಿಕೊಂಡು ಕುಳಿತಿದೆಯೆಂದು ನಮಗೆ ತೋರುತ್ತದೆ.

ಇದು ಕೇವಲ ತತ್ತ್ವದ ಮಾತಲ್ಲ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಇವೆಲ್ಲವೂ ವಾಹನವನ್ನು ನೋಡಿಕೊಳ್ಳದ್ದರಿಂದಲೇ ಆದುವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಅತಿವೇಗವೂ ಶಿರಸ್ತ್ರಾಣವಿಲ್ಲದ ಸವಾರಿಯೂ ಇಲ್ಲಿ ದೊಡ್ಡ ಅಪರಾಧಿಗಳು. ಆದರೆ ಬೇರೆಯವರ ವೇಗ ನಮ್ಮ ಕೈಯಲ್ಲಿಲ್ಲ, ರಸ್ತೆಯ ಹಳ್ಳ ನಮ್ಮ ಕೈಯಲ್ಲಿಲ್ಲ. ನಮ್ಮ ಟೈರಿನ ಗಾಳಿ ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಕೈಯಲ್ಲಿರುವುದನ್ನು ಬಿಟ್ಟು ಕೈಯಲ್ಲಿಲ್ಲದುದನ್ನು ದೂರುತ್ತ ಕೂರುವುದು ವಿವೇಕಿಗಳ ಲಕ್ಷಣವಲ್ಲ.

ಆದುದರಿಂದ ಶಾಲಾಕಾಲೇಜುಗಳಿಗೆ ನಮ್ಮದೊಂದು ಸೂಚನೆ. ಪ್ರತಿ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿಯೂ ಒಂದು ಟೈರಿನ ಒತ್ತಡಮಾಪಕವಿರಲಿ. ವರ್ಷಕ್ಕೊಂದು ಪ್ರಯೋಗ ಸೈಕಲ್ ನಿಲ್ದಾಣದಲ್ಲಿ ನಡೆಯಲಿ. ಓಡುವ ಮುಂಚೆ, ಓಡಿದ ಮೇಲೆ ಒತ್ತಡವನ್ನಳೆದು ವಿದ್ಯಾರ್ಥಿಗಳೇ ಅನಿಲನಿಯಮವನ್ನು ಪರೀಕ್ಷಿಸಿ ನೋಡಲಿ. ಊರಿನ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಒಂದು ದಿನದ ಮಟ್ಟಿಗೆ ಗುರುಗಳಾಗಿ ಗೌರವದಿಂದ ಕರೆಯಿಸಲಿ. ವಿದ್ಯಾರ್ಥಿಮಿತ್ರರಿಗೆ ನಮ್ಮ ಸೂಚನೆ ಇನ್ನೂ ಚಿಕ್ಕದು. ವಾಹನದ ಜೊತೆಗೆ ಬಂದ ಕೈಪಿಡಿ ಮನೆಯ ಯಾವುದೋ ಮೂಲೆಯಲ್ಲಿ ಧೂಳು ಹಿಡಿದಿರುತ್ತದೆ. ಅದನ್ನು ಹುಡುಕಿ ತೆಗೆಯಿರಿ. ಒಂದು ಪುಟ್ಟ ಪುಸ್ತಕದಲ್ಲಿ ಪ್ರತಿ ಭಾನುವಾರ ತಾರೀಖು, ಎರಡು ಟೈರುಗಳ ಒತ್ತಡ, ಎಣ್ಣೆಯ ಮಟ್ಟ, ಬ್ರೇಕಿನ ಸ್ಥಿತಿ ಇಷ್ಟನ್ನು ಬರೆದಿಡಿರಿ. ಯಾವ ವಾರ ಒಂದು ಟೈರು ಮಾತ್ರ ಹೆಚ್ಚು ಗಾಳಿ ಕಳೆದುಕೊಂಡಿತೆಂಬುದನ್ನು ಆ ಪುಸ್ತಕವೇ ನಿಮಗೆ ಹೇಳುತ್ತದೆ; ಎಲ್ಲಿಯೋ ಒಂದು ಮೊಳೆ ಅಡಗಿದೆಯೆಂದು ದಾರಿಯಲ್ಲಿ ನಿಲ್ಲುವ ಮೊದಲೇ ತಿಳಿಯುತ್ತದೆ. ಗಮನಿಸುವುದು, ಅಳೆಯುವುದು, ಬರೆದಿಡುವುದು, ಹೋಲಿಸುವುದು: ವಿಜ್ಞಾನವೆಂದರೆ ಇದಕ್ಕಿಂತ ಬೇರೆಯೇನು?

ಮುಂದಿನ ಆಯುಧಪೂಜೆಯ ದಿನ ಹೂವಿನ ಹಾರವನ್ನೂ ನಿಂಬೆಹಣ್ಣನ್ನೂ ಬಿಡಬೇಕಾಗಿಲ್ಲ. ನಿಂಬೆಹಣ್ಣನ್ನು ಇಡಲು ಬಗ್ಗಿದಾಗ ಒಂದು ಕ್ಷಣ ಅಲ್ಲಿಯೇ ನಿಂತು, ಚಕ್ರವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಟೈರಿನ ಮೈಯನ್ನೆಲ್ಲ ನೋಡಿರಿ. ಪೂಜೆಯ ಆ ಭಾಗವನ್ನು ವಾರಕ್ಕೊಮ್ಮೆ ಮಾಡಬಹುದು.